ಒಂದೇ ಟ್ಯೂಬು, ಎರಡು ಗೆರೆ

ಪ್ರೀತಿಯ ಪುಟ್ಟೀ,

ಮೊನ್ನೆ ಫೋನಿನಲ್ಲಿ ನೀನು ನನಗೆ ಬಾಯಿ ಬಿಡಲೂ ಅವಕಾಶ ಕೊಡಲಿಲ್ಲ, ಅದಕ್ಕೇ ಈ ಪತ್ರ. ಹೆಂಗಸರ ಕ್ರಿಕೆಟ್‌ನಲ್ಲಿ ಚೆಂಡು ಹಗುರ, ಬೌಂಡರಿ ಹತ್ತಿರ, ದುಡ್ಡು ಮಾತ್ರ ಸಮ ಯಾಕೆ ಅಂತ ನಿನ್ನ ಕ್ಲಾಸಿನ ಹುಡುಗರು ಕೇಳಿದರಂತೆ. ಹೆಣ್ಣಿಗೂ ಗಂಡಿಗೂ ವ್ಯತ್ಯಾಸವೇ ಇಲ್ಲ ಅಂತ ನೀನು ಕಿರುಚಿದೆಯಂತೆ. ಅಲ್ಲೇ ಸಿಕ್ಕಿಬಿದ್ದೆ ನೋಡು!

ಚೆಂಡು ಹಗುರ ಹೌದು. ಗಂಡಸರದ್ದು ಸುಮಾರು 156 ಗ್ರಾಂನಿಂದ ಶುರು, ಹೆಂಗಸರದ್ದು 140ರಿಂದ 151. ಒಪ್ಪಿಕೊಂಡರೆ ನಮ್ಮ ಗಂಟೇನು ಹೋಗುತ್ತೆ? 2022ರಲ್ಲಿ ಬಿಸಿಸಿಐ ಪಂದ್ಯದ ಶುಲ್ಕವನ್ನು ಸಮ ಮಾಡಿತು. ಟೆಸ್ಟ್‌ಗೆ 15 ಲಕ್ಷ, ಏಕದಿನಕ್ಕೆ 6, ಟಿ20ಗೆ 3. ದೇಶದ ಪರವಾಗಿ ಆಡಿದ್ದಕ್ಕೆ ಕೊಡುವ ದುಡ್ಡು ಅದು. ಚೆಂಡನ್ನು ತೂಕ ಹಾಕಿ ಯಾರೂ ಸಂಬಳ ಕೊಡುವುದಿಲ್ಲ.

ಮೈಯಲ್ಲಿ ವ್ಯತ್ಯಾಸ ಇದ್ದೇ ಇದೆ, ನಮ್ಮ ಲ್ಯಾಬಿಗೆ ಬಾ, ತೋರಿಸುತ್ತೇನೆ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ತೆಗೆದು, ನಿಧಾನಕ್ಕೆ ಮೇಲೆ ಕೆಳಗೆ ತಿರುಗಿಸಿ ಮಷೀನಿಗೆ ಇಡುತ್ತೇನೆ. ಹಿಮೋಗ್ಲೋಬಿನ್, ಅಂದರೆ ರಕ್ತದಲ್ಲಿ ಆಮ್ಲಜನಕ ಹೊರುವ ಅಂಶ, 12.4 ಅಂತ ಬಂತು ಅಂದುಕೋ. ಹೆಂಗಸಿನ ಹೆಸರಿದ್ದರೆ ನಾರ್ಮಲ್. ಗಂಡಸಿನದಾದರೆ ಕಮ್ಮಿ ಅಂತ ಗುರುತು ಬೀಳುತ್ತೆ. ಇದಕ್ಕಿಂತ ಕೆಳಗಿದ್ದರೆ ರಕ್ತಹೀನತೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಎಳೆದ ಗೆರೆ ಹೆಂಗಸರಿಗೆ 12, ಗಂಡಸರಿಗೆ 13. ಗಂಡಸರಲ್ಲಿ ಜಾಸ್ತಿ ಇರುವ ಟೆಸ್ಟೋಸ್ಟೆರಾನ್ ಅನ್ನುವ ಹಾರ್ಮೋನು ಕೆಂಪು ರಕ್ತಕಣಗಳನ್ನು ಜಾಸ್ತಿ ಮಾಡಿಸುತ್ತೆ, ಅದಕ್ಕೆ. ಇದು ಗುಂಪಿನ ಲೆಕ್ಕ, ಮರೀಬೇಡ. 14 ಇರುವ ಹುಡುಗಿಯರೂ ಬರುತ್ತಾರೆ, 11ಕ್ಕೆ ಇಳಿದ ಹುಡುಗರೂ ಬರುತ್ತಾರೆ.

ವ್ಯತ್ಯಾಸವೇ ಇಲ್ಲ ಅಂದರೆ ನಷ್ಟ ನಮಗೇ. ಜೋಲ್ಪಿಡೆಮ್ ಅಂತ ಒಂದು ನಿದ್ದೆ ಮಾತ್ರೆ ಇದೆ. ಅಮೆರಿಕದಲ್ಲಿ ಎಷ್ಟೋ ವರ್ಷ ಇಬ್ಬರಿಗೂ ಅದೇ 10 ಮಿಲಿಗ್ರಾಂ. ಹೆಂಗಸರ ಮೈಯಿಂದ ಅದು ನಿಧಾನವಾಗಿ ಹೋಗುತ್ತೆ, ಬೆಳಿಗ್ಗೆ ಕಾರು ಓಡಿಸುವ ಹೊತ್ತಿಗೂ ರಕ್ತದಲ್ಲಿ ಉಳಿದಿರುತ್ತೆ. 2013ರಲ್ಲಿ ಅಲ್ಲಿನ ಔಷಧ ಇಲಾಖೆ ಹೆಂಗಸರ ಡೋಸನ್ನು 5ಕ್ಕೆ ಇಳಿಸಿತು.

ಇನ್ನು ಮೈಯ ನೆಪ ಹೇಳಿ ಬಾಗಿಲು ಹಾಕಿದ್ದೂ ಉಂಟು. 1928ರ ಆಮ್‌ಸ್ಟರ್‌ಡ್ಯಾಂ ಒಲಿಂಪಿಕ್ಸ್‌ನಲ್ಲಿ ಹೆಂಗಸರು 800 ಮೀಟರ್ ಓಡಿದರು. ಓಡಿ ಸುಸ್ತಾಗಿ ಬಿದ್ದರು ಅಂತ ಪೇಪರಿನವರು ಉಪ್ಪು ಖಾರ ಹಚ್ಚಿ ಬರೆದರು. ಆ ಓಟವನ್ನೇ ತೆಗೆದುಹಾಕಿದರು, ವಾಪಸ್ ಬಂದದ್ದು 1960ಕ್ಕೆ. ಗಂಡಸರು ಓಡಿ ಸುಸ್ತಾಗುವುದೇ ಇಲ್ವೇನೋ!

ನನಗೆ ಸಿಟ್ಟು ಬರುವುದು ಬೇರೆ ಕಡೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ, ಗಂಡಸರಲ್ಲಿ ಶೇ. 25. ನೆನಪಿಟ್ಟುಕೋ, ಹೆಂಗಸರ ಗೆರೆಯನ್ನು ಮೊದಲೇ ಕೆಳಗಿಟ್ಟು ಎಣಿಸಿದ ಲೆಕ್ಕ ಇದು. ಮುಟ್ಟಿನಲ್ಲಿ ಕಬ್ಬಿಣಾಂಶ ಹೋಗುತ್ತೆ, ಅದು ಮೈಯ ಪಾಲು. ಎಲ್ಲರದೂ ಆದ ಮೇಲೆ ಪಾತ್ರೆ ತಳದಲ್ಲಿ ಉಳಿದ ಸಾರು ಬಡಿಸಿಕೊಳ್ಳುವುದು, ಮಗನಿಗೆ ಮೊಟ್ಟೆ ಮಗಳಿಗೆ ಬರೀ ಅನ್ನ, ಇದನ್ನೂ ದೇವರು ಮಾಡಿ ಕಳಿಸಿದನಾ? ಲ್ಯಾಬಿಗೆ ಬರುವ ತಾಯಂದಿರು 9 ಅಂತ ನೋಡಿ, 'ಹೆಣ್ಮಕ್ಕಳಿಗೆ ಕಮ್ಮಿ ಇರೋದೇ ಅಲ್ವಾ ಮೇಡಂ' ಅನ್ನುತ್ತಾರೆ. ಅಲ್ಲಮ್ಮ, ನಿಮಗೆ ಅಂತಲೇ 12 ಇಟ್ಟಿದ್ದಾರೆ, ಅದಕ್ಕೂ ಮೂರು ಕಮ್ಮಿ ಇದೆ ಅಂತ ಹೇಳಿ ಹೇಳಿ ನನಗೆ ಸಾಕಾಗಿದೆ.

ನಿನ್ನದು ಹೋದ ಸಲ 10.8 ಇತ್ತು. ಡಾಕ್ಟರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ಕಾಫಿ ಜೊತೆ ನುಂಗಬೇಡ, ಮೈಗೆ ಹತ್ತುವುದಿಲ್ಲ. ನಿಂಬೆ ಪಾನಕದ ಜೊತೆ ತಗೋ. ಮುಂದಿನ ತಿಂಗಳು ಊರಿಗೆ ಬಂದಾಗ ನಾನೇ ರಕ್ತ ತೆಗೆದು ನೋಡುತ್ತೇನೆ.

ನಿನ್ನ ಅಮ್ಮ