ಗೊರಗೊರ ನಿಂತಿದೆ, ಬಾಡಿಗೆ ನೂರು ರೂಪಾಯಿ ಏರಿದೆ

ನಮ್ಮ ವಾಕಿಟಾಕಿ ಗ್ರಾಹಕರಿಗೆ ನಮಸ್ಕಾರ.

ಮುಂದಿನ ತಿಂಗಳಿಂದ ರಿಪೀಟರ್ (ನಿಮ್ಮ ಸೆಟ್ಟಿನ ಮಾತನ್ನು ಗುಡ್ಡದ ಮೇಲಿಂದ ಮತ್ತೆ ದೂರಕ್ಕೆ ಕಳಿಸುವ ಯಂತ್ರ) ಬಾಡಿಗೆ ಸೆಟ್ಟಿಗೆ 100 ರೂಪಾಯಿ ಜಾಸ್ತಿ. ಅಡಿಕೆ ಕೊನೆಕೊಯ್ಲಿನ ಹೊತ್ತಲ್ಲೇ ಮೂರು ವಾರ ತೋಟದ ಮಾತು ಮನೆಗೆ ಕೇಳಿಸಲಿಲ್ಲ, ಈಗ ದುಡ್ಡೂ ಏರಿಸುತ್ತಾರೆ ಅಂತ ನೀವು ಬೈದರೆ ತಪ್ಪಿಲ್ಲ. ಕ್ಷಮಿಸಿ. ಮಾತು ಕೇಳಿಸದ ಆ ತಿಂಗಳಿಗೆ ಅರ್ಧ ಬಾಡಿಗೆ ಕೊಟ್ಟರೆ ಸಾಕು.

ಆದರೆ ತಪ್ಪು ನಮ್ಮ ರಿಪೀಟರಿನದಲ್ಲ. ಗುಡ್ಡದ ಮೇಲಿನ ಟವರಿನಲ್ಲಿ ಬೇರೆಯವರ ಆಂಟೆನಾಗಳೂ ಇವೆ. ಅವರಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದಾಗ ಮಾತ್ರ ಗೊರಗೊರ. ಒಬ್ಬರದು 152.4 ಮೆಗಾಹರ್ಟ್ಸ್, ಇನ್ನೊಬ್ಬರದು 151.2 ಅಂತಿಟ್ಟುಕೊಳ್ಳಿ. ಮೊದಲನೆಯದನ್ನು ಎರಡರಿಂದ ಗುಣಿಸಿ ಎರಡನೆಯದನ್ನು ಕಳೆಯಿರಿ. 153.6ರಲ್ಲಿ ಯಾರೂ ಕಳಿಸದ ಸಿಗ್ನಲ್ ಹುಟ್ಟುತ್ತದೆ. ನಮ್ಮ ರಿಸೀವರ್ ಅಲ್ಲೇ ಕಿವಿಗೊಟ್ಟು ಕೂತಿದ್ದರೆ ಮುಗೀತು.

ಎಲ್ಲಿ ಹುಟ್ಟುತ್ತಿದೆ? ರಿಸೀವರಿನ ಮುಂದೆ 3 ಡಿಬಿ (ಡೆಸಿಬೆಲ್, ಸಿಗ್ನಲ್ ಬಲದ ಅಳತೆ) ಅಟೆನ್ಯುಯೇಟರ್, ಅಂದರೆ ಸಿಗ್ನಲ್ ಸಣ್ಣ ಮಾಡುವ ತುಂಡು, ಹಾಕಿದೆವು. ರಿಸೀವರಿನ ಒಳಗೇ ಹುಟ್ಟಿದ್ದರೆ, ಬೆರೆಯುವ ಸಿಗ್ನಲ್‌ಗಳೇ ಸಣ್ಣದಾಗಿ, ಸದ್ದು ಮೂರು ಪಟ್ಟು, 9 ಡಿಬಿ ಇಳಿಯಬೇಕಿತ್ತು. ಇಳಿದದ್ದು 3 ಮಾತ್ರ. ಅಂದರೆ ಹೊರಗಿನದು. ಅಷ್ಟರಲ್ಲಿ ಅಕಾಲ ಮಳೆ ಬಂತು, ಸದ್ದು ನಿಂತಿತು. ಒಣಗಿದ ಮೇಲೆ ಮತ್ತೆ ಶುರು. ಅಂಗಳದಲ್ಲಿ ಅಡಿಕೆ ಹರವಿದವರೆಲ್ಲ ಬೈದ ಆ ಮಳೆಯೇ ನಮಗೆ ದಾರಿ ತೋರಿಸಿತು. ಟವರಿನಲ್ಲಿ ತುಕ್ಕು ಹಿಡಿದ ಒಂದು ಕ್ಲಾಂಪು ಒಣಗಿದ್ದಾಗ ಡಯೋಡಿನ (ರೇಡಿಯೋದೊಳಗಿನ ಒಂದು ಬಿಡಿಭಾಗ) ಹಾಗೆ ಎರಡು ಸಿಗ್ನಲ್ ಬೆರೆಸುತ್ತಿತ್ತು.

ಆ ಕ್ಲಾಂಪು ನಮ್ಮದಲ್ಲ. ಬದಲಾಯಿಸಿದವರು ನಾವು. ಟವರ್ ಹತ್ತುವವರ ಕೂಲಿ, ಜೀಪಿನ ಬಾಡಿಗೆ (ಆ ಏರಿಗೆ ಬೇರೆ ಗಾಡಿ ಹೋಗಲ್ಲ), ತುಕ್ಕು ಹಿಡಿಯದ ಸ್ಟೀಲ್ ಬೋಲ್ಟು. ಉಳಿದ ಚೂರು ಸದ್ದು ಪಕ್ಕದವರ ಟ್ರಾನ್ಸ್‌ಮಿಟರಿನೊಳಗೇ ಹುಟ್ಟುತ್ತಿತ್ತು. ಅದಕ್ಕೆ, ಹೊರಗಿನ ಸಿಗ್ನಲ್ ಹಿಂದಕ್ಕೆ ಒಳನುಗ್ಗದಂತೆ ತಡೆಯುವ ಐಸೊಲೇಟರ್ ತಂದು ಹಾಕಿದವರೂ ನಾವೇ. ಅವರು ಚಹಾ ಕೊಟ್ಟರು, ದುಡ್ಡು ಕೊಡಲಿಲ್ಲ. ಅದಕ್ಕೇ ಆ ನೂರು ರೂಪಾಯಿ.

"ಟೋನ್ ಬದಲಾಯಿಸಿದ್ರೆ ಸಾಕಿತ್ತಲ್ವಾ, ಸುಮ್ನೆ ಖರ್ಚು ತೋರಿಸ್ತಾರೆ" ಅಂತ ಹತ್ತು ಜನರಾದರೂ ಹೇಳಿದ್ದೀರಿ. ಟೋನ್ ಅಂದರೆ ಮಾತಿನ ಜೊತೆ ಹೋಗುವ ಸಣ್ಣ ಗುರುತಿನ ಸದ್ದು. ಅದನ್ನು ಹಾಕಿದರೆ ರಿಪೀಟರ್ ಬೇಡದ ಸದ್ದಿಗೆ ಬಾಯಿ ತೆರೆಯುವುದಿಲ್ಲ, ನಿಜ. ಆದರೆ ಆಂಟೆನಾಕ್ಕೆ ಬಡಿಯುವ ಸದ್ದು ಬಡಿಯುತ್ತಲೇ ಇರುತ್ತದೆ. ವಾಲಗ ಊದುವಾಗ ಕಿವಿಗೆ ಹತ್ತಿ ಇಟ್ಟುಕೊಂಡರೆ ಪಕ್ಕದವರ ಮಾತು ಕೇಳುತ್ತದೆಯೇ? ಗುಡ್ಡದ ಹತ್ತಿರದವರಿಗೆ ಸರಿಯಾದಂತೆ ಕಾಣುತ್ತಿತ್ತು. ಕಣಿವೆಯ ತೋಟದಿಂದ ಕೊನೆಗಾರ ಬಿದ್ದ ಅಂತ ಯಾರಾದರೂ ಕೂಗಿದರೆ ಆ ಸಣ್ಣ ಸಿಗ್ನಲ್ ಗದ್ದಲದಲ್ಲೇ ಮುಳುಗುತ್ತಿತ್ತು. ಅಂಥ ರಿಪೇರಿ ನಾವು ಮಾಡುವವರಲ್ಲ.

ಮತ್ತೆ ಗೊರಗೊರ ಕೇಳಿಸಿದರೆ ಎಷ್ಟು ಗಂಟೆ, ಮಳೆಯೋ ಬಿಸಿಲೋ ಅಂತ ಬರೆದಿಟ್ಟುಕೊಂಡು ಅಂಗಡಿಗೆ ಫೋನ್ ಮಾಡಿ. ಊಟದ ಹೊತ್ತಾದರೂ ನಾನೇ ಎತ್ತುತ್ತೇನೆ.

ಇತಿ ನಿಮ್ಮ
ಅಂಗಡಿಯವನು, ಶಿವಮೊಗ್ಗ