ಒಬ್ಬಟ್ಟಿಗೆ ದಂಡ ಕಟ್ಟುವ ಹುಡುಗಿಗೆ

ಮೈಸೂರು
ಭಾನುವಾರ ಮಧ್ಯಾಹ್ನ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದ.

ಫೋನಿನಲ್ಲಿ ಹೇಳಿದರೆ "ಹೂಂ ದೊಡ್ಡಮ್ಮ, ಸರಿ ದೊಡ್ಡಮ್ಮ" ಅಂದು ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು, ಆಮೇಲೆ ಬೇಕಾದರೆ ಜಗಳ ಆಡು.

ಯುಗಾದಿಯ ಮಾರನೇ ದಿನ ಬೆಳಗ್ಗೆ ಬಟ್ಟೆ ಒಣಹಾಕಲು ಟೆರೇಸಿಗೆ ಬಂದೆನಲ್ಲ, ಆಗ ನೀನು ನೀರಿನ ಟ್ಯಾಂಕಿನ ಪಕ್ಕ ಜಿಗಿಯುತ್ತಿದ್ದೆ, ದಬಕ್ಕನೆ ನೆಲಕ್ಕೆ ಬೀಳುತ್ತಿದ್ದೆ, ಎದ್ದು ಮತ್ತೆ ಜಿಗಿಯುತ್ತಿದ್ದೆ. ಮುಖ ಕೆಂಪಗೆ ಆಗಿತ್ತು. ಒಂದು ಸಲ ಟ್ಯಾಂಕ್ ಹಿಡಿದುಕೊಂಡು ಬಗ್ಗಿ ನಿಂತೆ, ವಾಂತಿ ಬರುವ ಹಾಗೆ. ಏನೇ ಇದು ಅಂದರೆ, "ನಿನ್ನೆ ಎರಡು ಒಬ್ಬಟ್ಟು ತಿಂದೆನಲ್ಲ, ಇಳಿಸಬೇಕು" ಅಂತ ನಿನ್ನ ಉತ್ತರ. ಆ ಒಬ್ಬಟ್ಟಿಗೆ ನಾನೂ ನಿನ್ನಮ್ಮನೂ ಹೂರಣ ರುಬ್ಬಿದ್ದು ಯಾಕೆ ಅನ್ನಿಸಿಬಿಟ್ಟಿತು.

ನಾವು ಓದುವಾಗ ಲೆಕ್ಕ ತಪ್ಪಿದರೆ ಮೇಷ್ಟ್ರು ಕಿವಿ ಹಿಡಿಸಿ ಬಸ್ಕಿ ಹೊಡೆಸುತ್ತಿದ್ದರು. ನೀನು ತಿಂಗಳು ತಿಂಗಳು ದುಡ್ಡು ಕೊಟ್ಟು ಹೊಡೆಯುತ್ತಿದ್ದೀಯ. ಗರಡಿ ಮನೆಯಲ್ಲಿ ದಂಡ ಅಂದರೆ ಕಸರತ್ತು, ಟ್ರಾಫಿಕ್ ಪೊಲೀಸರ ಹತ್ತಿರ ದಂಡ ಅಂದರೆ ಫೈನು. ನಿನಗೆ ಎರಡೂ ಒಂದೇ ಆಗಿಹೋಗಿದೆ. ನೀನು ಕಸರತ್ತು ಮಾಡುತ್ತೀಯ ಅಂತ ನನಗೆ ಬೇಜಾರಿಲ್ಲ ಕಣೇ, ತಿಂದದ್ದನ್ನೆಲ್ಲ ಮೈಯಿಂದ ವಸೂಲಿ ಮಾಡುತ್ತೀಯಲ್ಲ, ಅದಕ್ಕೆ.

ನಾನೇನು ಸಾಚಾ ಅಲ್ಲ. 46ನೇ ವಯಸ್ಸಿನಲ್ಲಿ ಯಾರದೋ ಮದುವೆ ಫೋಟೋದಲ್ಲಿ ನನ್ನ ತೋಳು ನೋಡಿಕೊಂಡು ಗಾಬರಿಯಾಗಿ, ಒಂದು ಜಿಮ್ಮಿಗೆ ವರ್ಷದ ದುಡ್ಡು ಒಟ್ಟಿಗೆ ಕಟ್ಟಿದ್ದೆ. ಅಲ್ಲಿದ್ದ ಹುಡುಗ ಒಳ್ಳೆಯವನೇ, ಆದರೆ ಕಾಲೇಜು ಹುಡುಗರಿಗೂ ನನಗೂ ಒಂದೇ ಪಾಠ. "ಇನ್ನೊಂದು ಆಂಟಿ, ಇನ್ನೊಂದೇ ಒಂದು!" ಮೂರನೇ ವಾರ ಆ ಇನ್ನೊಂದನ್ನು ಎತ್ತುವಾಗ ಸೊಂಟ ಕಳಕ್ ಅಂತು. ಒಂದೂವರೆ ತಿಂಗಳು ಹಾಸಿಗೆ. ನಿನ್ನ ದೊಡ್ಡಪ್ಪ ಜಡೆ ಹಾಕುವುದು ಕಲಿತದ್ದು ಆಗಲೇ. ಉಳಿದ ಹನ್ನೊಂದು ತಿಂಗಳ ದುಡ್ಡೂ ದಂಡ, ನೋಡು ಅದು ಮೂರನೇ ಥರದ್ದು.

ಆಮೇಲೆ ಕುಕ್ಕರಹಳ್ಳಿ ಕೆರೆ. ಪೂರ್ತಿ ಸುತ್ತು 4 ಕಿಲೋಮೀಟರಿಗಿಂತ ಜಾಸ್ತಿ, ಮೊದಲ ವಾರ ಅದರ ಕಾಲು ಭಾಗವೂ ಆಗಲಿಲ್ಲ. ಆದಷ್ಟು ನಡೆದು, ಬೆಂಚಿನ ಮೇಲೆ ಕೂತು, ಹೆಜ್ಜಾರ್ಲೆಗಳು ದೊಪ್ಪನೆ ನೀರಿಗಿಳಿಯುವುದನ್ನು ನೋಡಿಕೊಂಡು ವಾಪಸ್. ಈಗ ಹದಿನೈದು ವರ್ಷವಾಯಿತು, ಜಡಿಮಳೆ ಬಿಟ್ಟರೆ ತಪ್ಪಿಸಿದ್ದು ಕಡಿಮೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಸಾಕಂತೆ. ನಮ್ಮ ಗುಂಪಿನಲ್ಲಿ ಮಾತಿಗೇನೂ ಬರ ಇಲ್ಲ ಬಿಡು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ದೊಡ್ಡವರಿಗೆ ಹೇಳಿರುವುದೂ ಇದನ್ನೇ, ಈ ಹದದಲ್ಲಿ ವಾರಕ್ಕೆ 150ರಿಂದ 300 ನಿಮಿಷ, ಜೊತೆಗೆ ಕಡೇಪಕ್ಷ 2 ದಿನ ಮಾಂಸಖಂಡಕ್ಕೆ ಕೆಲಸ. 150 ಅಂದರೆ ದಿನಕ್ಕೆ ಅರ್ಧ ಗಂಟೆ, ವಾರಕ್ಕೆ 5 ದಿನ. ಆ ಅರ್ಧ ಗಂಟೆಯನ್ನು ಬೆಳಗ್ಗೆ ಸ್ವಲ್ಪ ಸಂಜೆ ಸ್ವಲ್ಪ ಅಂತ ಮುರಿದುಕೊಂಡರೂ ನಡೆಯುತ್ತದೆ.

ಇನ್ನು ನಿನ್ನ ಕೈಗೆ ಕಟ್ಟಿದ ಆ ವಾಚು. ರಾತ್ರಿ ಹನ್ನೊಂದಕ್ಕೆ ಹತ್ತು ಸಾವಿರ ಹೆಜ್ಜೆ ತುಂಬಿಸಲು ನಡುಮನೆಯಲ್ಲಿ ಗಾಣದ ಎತ್ತಿನ ಹಾಗೆ ಸುತ್ತುತ್ತಿದ್ದೆಯಲ್ಲ? ಅದು ಯಾವ ಡಾಕ್ಟರೂ ಬರೆದುಕೊಟ್ಟ ಲೆಕ್ಕ ಅಲ್ಲ. 1965ರಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಒಂದು ಯಂತ್ರ ಮಾರಾಟಕ್ಕೆ ಬಂತು, ಅದರ ಹೆಸರೇ 'ಹತ್ತು ಸಾವಿರ ಹೆಜ್ಜೆಯ ಮೀಟರ್' ಅಂತ. ಕಂಪನಿಯವರು ಇಟ್ಟ ಹೆಸರಿಗೆ ನೀನು ನಿದ್ದೆ ಕೆಡುತ್ತಿದ್ದೀಯ.

ತೂಕ ಎತ್ತಲೇಬೇಡ ಅಂತ ನಾನು ಹೇಳುತ್ತಿಲ್ಲ, ತಪ್ಪು ತಿಳಿಯಬೇಡ. ಎತ್ತಬೇಕು. ಹೆಂಗಸರ ಮೂಳೆ ಗಟ್ಟಿಯಾಗುವುದು ಹೆಚ್ಚುಕಮ್ಮಿ 30ರೊಳಗೆ, ಮುಟ್ಟು ನಿಂತ ಮೇಲೆ ಸರಸರ ಸವೆಯುತ್ತದೆ. ನಾನು ಮಾಡುವುದು ಇಷ್ಟೇ. ಊಟದ ಮೇಜಿನ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುತ್ತೇನೆ. ಗೋಡೆಗೆ ಕೈ ಕೊಟ್ಟು ದಂಡ. ಎರಡು ಲೀಟರಿನ ನೀರಿನ ಬಾಟಲಿ ಕೈಗೊಂದು ಹಿಡಿದು ಎತ್ತುವುದು. ಹಾಲು ಕಾಯುವಾಗ ಒಲೆ ಮುಂದೆ ತುದಿಗಾಲಲ್ಲಿ ಏಳುವುದು, ಇಳಿಯುವುದು. ಹತ್ತು ಸುಲಭ ಅನ್ನಿಸಿದ ಮೇಲೆ ಹನ್ನೆರಡು. ಮಾರನೇ ದಿನ ಸ್ವಲ್ಪ ಮೈಕೈ ನೋವು ಇದ್ದರೆ ಪರವಾಗಿಲ್ಲ, ಮೆಟ್ಟಿಲು ಇಳಿಯಲು ಕಂಬಿ ಹಿಡಿಯಬೇಕಾದರೆ ಅತಿ ಆಯಿತು ಅಂತ ಅರ್ಥ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನೂ ಹತ್ತುತ್ತೇನೆ, ನಂದಿಯ ಹತ್ತಿರ ಕೂತು ಮಜ್ಜಿಗೆ ಕುಡಿದು. ಇಳಿಯುವುದು ಮಾತ್ರ ಬಸ್ಸಿನಲ್ಲಿ. ಇಳಿಯುವಾಗಲೇ ಮಂಡಿಗೆ ಪೆಟ್ಟು ಜಾಸ್ತಿ, ಅದರಲ್ಲಿ ನಾಚಿಕೆ ಏನೂ ಇಲ್ಲ.

ಹಾಗಂತ ಮನೆಗೆಲಸವೇ ವ್ಯಾಯಾಮ ಅನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ನಿನ್ನಜ್ಜಿ ಜೀವನಪೂರ್ತಿ ಬಗ್ಗಿ ಗುಡಿಸಿದಳು, ಕೂತು ರುಬ್ಬಿದಳು, ಕೊನೆಗೆ ನೆಟ್ಟಗೆ ನಿಲ್ಲಲು ಆಗಲಿಲ್ಲ. ಅದೇ ಕೈ, ಅದೇ ಸೊಂಟ, ಅದೇ ಬಗ್ಗುವುದು, ಬಿಡುವು ಅನ್ನೋದೇ ಇಲ್ಲ. ಈ ಮಾತು ಹೇಳುವವರು ಸಾಮಾನ್ಯವಾಗಿ ಪೊರಕೆ ಹಿಡಿದವರಲ್ಲ.

ಈಗ ಮುಖ್ಯ ವಿಷಯ. ಮೂರು ತಿಂಗಳಿಂದ ಮುಟ್ಟಾಗಿಲ್ಲ ಅಂತ ನಿನ್ನಮ್ಮ ಹೇಳಿದಳು. ಅವಳ ಮೇಲೆ ಸಿಟ್ಟಾಗಬೇಡ. ರಾತ್ರಿ ಊಟ ಬಿಟ್ಟು, ಬೆಳಗ್ಗೆ ಐದೂವರೆಗೆ ಖಾಲಿ ಹೊಟ್ಟೆಯಲ್ಲಿ ಜಿಗಿದರೆ, ಇರುವ ಶಕ್ತಿಯನ್ನು ಮೈ ಮೊದಲು ಉಸಿರಿಗೆ, ಹೃದಯಕ್ಕೆ ಇಟ್ಟುಕೊಂಡು ಮುಟ್ಟನ್ನು ನಿಲ್ಲಿಸಿಬಿಡುವುದುಂಟು. ಆಗ ಈಸ್ಟ್ರೋಜನ್ ಅನ್ನುವ ಹೆಂಗಸರ ಹಾರ್ಮೋನು ಕಡಿಮೆಯಾಗಿ ಮೂಳೆಗೂ ಏಟು. 27ಕ್ಕೇ ಅದು ಬೇಕಾ? ಥೈರಾಯ್ಡೋ, ಪಿಸಿಓಡಿ ಅನ್ನುವ ಅಂಡಾಶಯದ ತೊಂದರೆಯೋ, ಬೇರೆ ಏನೋ ಇರಬಹುದು, ಅದನ್ನು ನಾನೂ ಹೇಳಲಾರೆ, ನಿನ್ನ ಕ್ಲಾಸಿನ ಕೋಚೂ ಹೇಳಲಾರ. ಹೆಂಗಸರ ಡಾಕ್ಟರಿಗೆ ತೋರಿಸು. ಹಿಮೋಗ್ಲೋಬಿನ್ನನ್ನೂ ನೋಡಿಸು, ಎರಡು ಮಹಡಿ ಹತ್ತಿದರೆ ಏದುಸಿರು ಬರುತ್ತದೆ ಅಂದಿದ್ದೆ. ರಕ್ತ ಕಡಿಮೆ ಇದ್ದವರು ಜಿಗಿದರೆ ಸ್ಟ್ಯಾಮಿನಾ ಬರುವುದಿಲ್ಲ, ತಲೆ ಸುತ್ತು ಬರುತ್ತದೆ.

ಅಲ್ಲಿಯವರೆಗೆ ಆ ಕ್ಲಾಸಿಗೆ ರಜೆ ಹಾಕು. ರಾತ್ರಿ ಊಟ ಮಾಡು, ಅನ್ನ ಬೇಡ ಅನ್ನಿಸಿದರೆ ರಾಗಿ ಮುದ್ದೆ, ಸೊಪ್ಪಿನ ಸಾರು. ಕಟ್ಟಿದ ದುಡ್ಡು ಹೋಗುತ್ತೆ ಅಂತ ಯೋಚನೆ ಮಾಡಬೇಡ, ನನ್ನದು ಹನ್ನೊಂದು ತಿಂಗಳದ್ದು ಹೋಗಿದೆ.

ಡಾಕ್ಟರ ಹತ್ತಿರ ಹೋಗುವ ದಿನ ಯಾವುದು ಅಂತ ಬುಧವಾರದೊಳಗೆ ಮೆಸೇಜ್ ಹಾಕು, ಬೇಕಾದರೆ ನಾನೂ ರೈಲು ಹತ್ತಿ ಬರುತ್ತೇನೆ. ಮುಂದಿನ ತಿಂಗಳು ಇಲ್ಲಿಗೆ ಬರುವಾಗ ಶೂ ಮರೀಬೇಡ, ನನ್ನ ಚಪ್ಪಲಿ ನಿನ್ನ ಕಾಲಿಗೆ ಹಿಡಿಸುವುದಿಲ್ಲ. ವಾಚು ಅಲ್ಲೇ ಇರಲಿ.

ನಿನ್ನ
ದೊಡ್ಡಮ್ಮ