ಮಣ್ಣು ಹೊತ್ತವಳನ್ನು ತೋರಿಸಿದ ಅಕ್ಕನಿಗೆ, ಮತ್ತೆ ನಿಮಗೆಲ್ಲರಿಗೂ

ನನ್ನ ಕಾದಂಬರಿ ಅಚ್ಚಾಗಿ ಬಂತು. ಅಮ್ಮ ಆಸ್ಪತ್ರೆಯಿಂದ ಮನೆಗೆ ಬಂದಳು. ಈ ಎರಡು ಸುದ್ದಿಯನ್ನು ಒಟ್ಟಿಗೆ ಬರೆಯುವ ದಿನ ಬರುತ್ತದೆ ಎಂದು ಆಟಿ ತಿಂಗಳಲ್ಲಿ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ಅಮ್ಮನಿಗೆ ಏನಾಗಿತ್ತು, ಡಾಕ್ಟರು ಏನೆಂದರು ಎಂಬುದೆಲ್ಲ ನಿಮಗೆ ಗೊತ್ತೇ ಇದೆ. ಅದನ್ನು ಮತ್ತೆ ಹೇಳಲು ನನಗೂ ಮನಸ್ಸಿಲ್ಲ. ಈಗ ಕೋಲು ಹಿಡಿದುಕೊಂಡು ಅಂಗಳದವರೆಗೆ ಬರುತ್ತಾಳೆ, ಗಂಜಿಗೆ ಉಪ್ಪು ಕಮ್ಮಿಯಾದರೆ ಬೈಯುತ್ತಾಳೆ. ಅಷ್ಟು ಸಾಕು.

ಪುಸ್ತಕ ಅಚ್ಚಿಗೆ ಹೋಗುವ ಮೊದಲೇ ದುಡ್ಡು ಕಳಿಸಿ, "ಯಾವಾಗ ಆಗುತ್ತದೋ ಆಗಲಿ, ಮೊದಲು ಅಮ್ಮನನ್ನು ನೋಡಿಕೊಳ್ಳಿ" ಎಂದು ಬರೆದ ಓದುಗರಿಗೆ, ರಕ್ತ ಕೊಡಲು ಬೈಕಿನಲ್ಲಿ ಮಳೆಗೆ ನೆನೆದುಕೊಂಡು ಬಂದ ಬದಿಯಡ್ಕದ ಹುಡುಗರಿಗೆ, ದನ ಮತ್ತು ತೋಟ ನೋಡಿಕೊಂಡ ಚಿಕ್ಕಪ್ಪನ ಮನೆಯವರಿಗೆ, ತಿಂಗಳ ಕಥೆ ಬಾರದಿದ್ದರೂ ಒಂದು ಮಾತು ಕೇಳದೆ ಕಾದ ನಿಮಗೆ ಎಲ್ಲರಿಗೂ ನನ್ನ ವಂದನೆ. ಡಿಟಿಪಿ ಮಾಡಿದ ಮಂಗಳೂರಿನ ಗೆಳತಿಯನ್ನು ಬೇರೆಯಾಗಿ ನೆನೆಯಬೇಕು. ನಾನು ಕಂಪ್ಯೂಟರಿನ ನುಡಿ ತಂತ್ರಾಂಶದಲ್ಲಿ ಬರೆಯುವವಳು. ಅದನ್ನು ಯುನಿಕೋಡಿಗೆ ತಿರುಗಿಸಿದಾಗ ಒತ್ತಕ್ಷರಗಳು, ಅರ್ಕಾವತ್ತುಗಳು ಅಲ್ಲಲ್ಲಿ ಚೆದರಿಹೋಗಿದ್ದವು. 13 ಫಾರಂ, ಅಂದರೆ 208 ಪುಟ. ಸಾಲು ಸಾಲಾಗಿ ಕೂತು ಸರಿ ಮಾಡಿದ್ದು ಅವಳು. ಕರಡು ತಿದ್ದಿದ ನಮ್ಮ ಹಳೇ ಮೇಷ್ಟ್ರಿಗೆ ಕಣ್ಣಿನ ತೊಂದರೆ ಇದೆ. ಆದರೂ ಭೂತಕನ್ನಡಿ ಹಿಡಿದು ಕೊನೆಯ ಪುಟದವರೆಗೂ ಓದಿದರು.

ಇನ್ನು ಒಬ್ಬರ ವಿಷಯ. ಇದಕ್ಕೆ ಜಾಸ್ತಿ ಜಾಗ ಬೇಕು, ತಾಳ್ಮೆಯಿಂದ ಓದಿ.

ನಮ್ಮ ಪಕ್ಕದ ಮನೆಯ ಅಕ್ಕ ಬೀಡಿ ಕಟ್ಟುತ್ತಾರೆ. ಅವರ ಮನೆಮಾತು ಮಲಯಾಳ, ನಮ್ಮ ಜೊತೆ ಮಾತಾಡುವುದು ತುಳು. ಕನ್ನಡ ಕೇಳಿದರೆ ಗೊತ್ತಾಗುತ್ತದೆ, ಓದಲು ಬರುವುದಿಲ್ಲ. ಹೆಸರು ಹಾಕಬೇಡ ಎಂದು ಕಟ್ಟುನಿಟ್ಟಾಗಿ ಹೇಳಿದ್ದಾರೆ, ಹಾಗಾಗಿ ಬರೀ ಅಕ್ಕ ಎನ್ನುತ್ತೇನೆ. ಸಂಜೆ ಅವರ ಜಗಲಿಯಲ್ಲಿ ಕೂತುಕೊಳ್ಳುವುದು ನನಗೆ ಬಹಳ ವರ್ಷದ ಅಭ್ಯಾಸ. ಎಲೆ ನೆನೆಹಾಕಿ, ಅಚ್ಚು ಇಟ್ಟು ಕತ್ತರಿಸಿ, ಹೊಗೆಸೊಪ್ಪಿನ ಪುಡಿ ಉದುರಿಸಿ, ಸುತ್ತಿ, ನೂಲು ಬಿಗಿದು ಮಡಿಲಲ್ಲಿರುವ ತಡಪೆಗೆ ಹಾಕುವ ಕೆಲಸ ಅವರ ಕೈಗೆ ಎಷ್ಟು ಒಗ್ಗಿದೆ ಎಂದರೆ ಕಣ್ಣು ನಮ್ಮ ಮುಖದ ಮೇಲೇ ಇರುತ್ತದೆ.

ಅಮ್ಮ ಬಿದ್ದ ರಾತ್ರಿ ಜೋರು ಮಳೆ, ಕರೆಂಟ್ ಇಲ್ಲ. ಕಾಸರಗೋಡಿನ ಈ ಕಡೆಯವರಿಗೆ ದೊಡ್ಡ ಕಾಯಿಲೆ ಎಂದರೆ ಮಂಗಳೂರು, ಹತ್ತಿರ ಹತ್ತಿರ 50 ಕಿಲೋಮೀಟರ್ ದಾರಿ. ಆಂಬುಲೆನ್ಸ್ ಬಂದು ನಿಂತಾಗ ಅಕ್ಕ ಯಾರನ್ನೂ ಕೇಳದೆ ಹತ್ತಿ ಕೂತರು. ಕೈಯಲ್ಲಿ ಒಂದು ಚೀಲ. ಅದರಲ್ಲಿ ಫ್ಲಾಸ್ಕ್, ಎರಡು ಹೊದಿಕೆ, ಅಮ್ಮನ ಆಧಾರ್ ಕಾರ್ಡ್, ಮಾತ್ರೆಯ ಹಳೆಯ ಚೀಟಿಗಳು. ನಾನು ಅಮ್ಮನ ತಲೆ ಹಿಡಿದುಕೊಂಡು ಅಳುತ್ತಿದ್ದ ಹೊತ್ತಿನಲ್ಲಿ ಇವರು ಟಾರ್ಚ್ ಹಿಡಿದು ನಮ್ಮ ಕಪಾಟು ಹುಡುಕಿದ್ದರು.

ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟುವಾಗ ಇಬ್ಬರೂ ಮಾತಾಡಲಿಲ್ಲ. 2020ರ ಮಾರ್ಚ್‌ನಲ್ಲಿ, ಲಾಕ್‌ಡೌನ್ ಹೊತ್ತಿಗೆ, ಈ ಗಡಿಯ ದಾರಿ ಮುಚ್ಚಿದ್ದನ್ನು ನಾವು ಕಂಡವರು. ಮಂಗಳೂರಿನ ಡಾಕ್ಟರನ್ನೇ ನಂಬಿಕೊಂಡಿದ್ದ ಕಾಯಿಲೆಯವರು ಆಗ ಈ ಬದಿಯಲ್ಲೇ ಉಳಿದುಬಿಟ್ಟರು, ಕೆಲವರು ಬದುಕಲಿಲ್ಲ. ಈಗ ದಾರಿ ತೆರೆದೇ ಇದೆ, ಯಾರೂ ತಡೆಯುವುದಿಲ್ಲ. ಆದರೂ ಕಾಯಿಲೆಯವರನ್ನು ಮಲಗಿಸಿಕೊಂಡು ಆ ಜಾಗ ದಾಟುವಾಗ ಇಲ್ಲಿಯವರಿಗೆ ಎದೆ ಡವಡವ ಎನ್ನುತ್ತದೆ.

ಐಸಿಯು ಹೊರಗೆ ಕಬ್ಬಿಣದ ಕುರ್ಚಿಗಳು. ಒಳಗಿನಿಂದ ಯಾರೂ ಏನೂ ಹೇಳುತ್ತಿಲ್ಲ. ಒಂದು ಹೊತ್ತಿನಲ್ಲಿ ಬಾಗಿಲು ತೆರೆದಾಗ ಅಮ್ಮನ ನರಳಾಟ ಕೇಳಿತು. ಆಗ ನನ್ನ ಮನಸ್ಸಿಗೆ ಬಂದದ್ದನ್ನು ಇಲ್ಲಿ ಬರೆಯುತ್ತೇನೆ, ಏಕೆಂದರೆ ಹೀಗೆ ಕೂತ ಬೇರೆಯವರಿಗೂ ಬಂದಿರುತ್ತದೆ, ಅವರು ಯಾರಿಗೂ ಹೇಳಿರುವುದಿಲ್ಲ. ಇಷ್ಟು ನೋವಾಗುವುದಾದರೆ ಅಮ್ಮ ಹೋಗಿಬಿಡಲಿ ಅಂತ ಅನ್ನಿಸಿತು. ಅನ್ನಿಸಿದ ಕೂಡಲೇ ಮೈಯೆಲ್ಲ ನಡುಗಿತು. ಅಕ್ಕನಿಗೆ ಹೇಳಿದೆ. ಅವರು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ನನ್ನ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. ಆಮೇಲೆ ಅವರ ಇನ್ನೊಂದು ಕೈಯನ್ನು ನೋಡಿದೆ. ಎಲೆ ಇಲ್ಲ, ನೂಲು ಇಲ್ಲ, ಆದರೂ ಹೆಬ್ಬೆರಳು ಮತ್ತು ತೋರುಬೆರಳು ಬೀಡಿ ಸುತ್ತುತ್ತಿದ್ದವು. ಅವರಿಗೂ ಹೆದರಿಕೆ ಇದೆ ಎಂದು ಆಗ ಗೊತ್ತಾಯಿತು.

"ನೀನು ಬರೆಯುತ್ತಿದ್ದೀಯಲ್ಲ, ಆ ಕತೆ ಹೇಳು" ಎಂದರು.

ಈಗ ಕತೆಯಾ ಅಕ್ಕ, ಎಂದೆ.

"ಈಗಲೇ. ಬೆಳಗಾಗಬೇಕಲ್ಲ."

ಹೇಳಿದೆ. ಕನ್ನಡದಲ್ಲಿ ಬರೆದದ್ದನ್ನು ತುಳುವಿನಲ್ಲಿ ಹೇಳಿದೆ. ಪುಸ್ತಕ ಓದಿದವರಿಗೆ ಕತೆ ಗೊತ್ತು, ಉಳಿದವರಿಗೆ ಇಷ್ಟು: ಅದು ಸುರಂಗ ತೋಡುವವನ ಕತೆ. ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆ ಬಂದರೆ ನೋಡಬಹುದು, ಗುಡ್ಡದ ಮಗ್ಗುಲಲ್ಲಿ ಒಬ್ಬ ಆಳು ಹೋಗುವಷ್ಟೇ ಅಗಲದ ಬಾಯಿ ಇರುತ್ತದೆ. ಮುರಕಲ್ಲಿನ ಗುಡ್ಡವನ್ನು ಬಾವಿಯಂತೆ ಕೆಳಕ್ಕೆ ತೋಡದೆ ಅಡ್ಡಕ್ಕೆ ಕೊರೆಯುತ್ತಾ ಹೋಗುತ್ತಾರೆ. ಒಳಗೆ ಕಲ್ಲಿನ ಸಂದಿಯಲ್ಲಿ ಒಸರು ಸಿಕ್ಕಿದರೆ ನೀರು ತಾನಾಗಿಯೇ ಹರಿದು ಹೊರಗೆ ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಬೆಟ್ಟದ ಇಳಿಜಾರಿನ ಎಷ್ಟೋ ಅಡಿಕೆ ತೋಟ ಬದುಕಿದ್ದೇ ಆ ನೀರಿನಿಂದ. ತೋಡುವವನು ಹತ್ತಿರ ಒಂದು ದೀಪ ಇಟ್ಟುಕೊಂಡಿರುತ್ತಾನೆ. ದೀಪ ಮಂಕಾದರೆ ಗಾಳಿ ಸಾಲುತ್ತಿಲ್ಲ ಎಂದು ಅರ್ಥ, ಹೊರಗೆ ಬಂದುಬಿಡಬೇಕು.

ನಾನು ಇದನ್ನೆಲ್ಲ ಹೇಳುತ್ತಾ ಹೋದೆ. ನನ್ನ ನಾಯಕ ಹೇಗೆ ಗುಡ್ಡ ನೋಡಿ ನೀರು ಎಲ್ಲಿದೆ ಎಂದು ಹೇಳುತ್ತಿದ್ದ, ಹೇಗೆ ಒಂದು ಸುರಂಗ ಅರ್ಧಕ್ಕೆ ನಿಂತಿತು. ನಾನು ಸುಮ್ಮನಾದ ಕೂಡಲೇ ಅಕ್ಕ "ಬೊಕ್ಕ?" ಎನ್ನುವರು, ಆಮೇಲೆ ಏನಾಯಿತು ಅಂತ. ನರ್ಸ್ ಬಂದು ಹೋಗುವಳು, ನಾವು ಎದ್ದು ನಿಲ್ಲುವೆವು, ಕೂರುವೆವು, ಮತ್ತೆ "ಬೊಕ್ಕ?" ಹೀಗೇ ನಡೆಯಿತು. ಕೊನೆಗೆ ಅವರು ಒಂದು ಪ್ರಶ್ನೆ ಕೇಳಿದರು.

"ಅವನು ತೋಡಿದ ಅಷ್ಟೂ ಮಣ್ಣನ್ನು ಹೊರಗೆ ಹೊತ್ತು ಹಾಕಿದ್ದು ಯಾರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಕ್ಕನ ಹತ್ತಿರ ಇತ್ತು. ಅವರ ಅಪ್ಪ ಸುರಂಗದ ಕೆಲಸಕ್ಕೆ ಹೋಗುತ್ತಿದ್ದರಂತೆ, ಹಿಂದೆ ಬುಟ್ಟಿ ಹಿಡಿದು ಅಮ್ಮ. ಒಳಗೆ ಬುಟ್ಟಿಯನ್ನು ತಲೆಗೆ ಏರಿಸಲು ಆಗುವುದಿಲ್ಲ, ಸುರಂಗದ ಮಾಡು ತಾಗುತ್ತದೆ. ಹಾಗಾಗಿ ಸೊಂಟ ಬಗ್ಗಿಸಿ, ಬುಟ್ಟಿಯನ್ನು ನೆಲದ ಮೇಲೆ ಎಳೆದುಕೊಂಡು, ಹಿಮ್ಮುಖವಾಗಿ ಬೆಳಕಿನ ಕಡೆಗೆ ಬರಬೇಕು. ಬಾಯಿಯ ಹತ್ತಿರ ಬಂದ ಮೇಲೆ ತಲೆಗೆ. ಸಂಜೆ ಮನೆಗೆ ಬಂದ ಅಮ್ಮನಿಗೆ ನೆಟ್ಟಗೆ ನಿಲ್ಲಲು ಸ್ವಲ್ಪ ಹೊತ್ತು ಬೇಕಾಗುತ್ತಿತ್ತು, ಬಾಗಿಲ ಚೌಕಟ್ಟು ಹಿಡಿದು ಮೆಲ್ಲಗೆ ಏಳುತ್ತಿದ್ದಳು. ನೀರು ಸಿಕ್ಕಿದ ದಿನ ಧನಿಗಳು ತೆಂಗಿನಕಾಯಿ ಒಡೆದು ಅಪ್ಪನಿಗೆ ಹೊಸ ಮುಂಡು ಕೊಟ್ಟರು ಎಂದರು ಅಕ್ಕ. ಅಮ್ಮನಿಗೆ ಏನು ಕೊಟ್ಟರು ಎಂದು ನಾನು ಕೇಳಿದೆ. "ಬುಟ್ಟಿ ತೊಳೆದು ಕೊಂಡುಹೋಗು ಎಂದರು."

ಓದಿದವರಿಗೆ ಈಗ ಗೊತ್ತಾಗಿರುತ್ತದೆ. ಕಾದಂಬರಿಯ ಎರಡನೆಯ ಭಾಗ ಪೂರ್ತಿ ಅವಳದ್ದು, ಆ ಹಿಮ್ಮುಖ ನಡೆಯುವವಳದ್ದು. ನೀವು ಕಾಗದ ಬರೆದು ಯಾರ ಬಗ್ಗೆ ಜಾಸ್ತಿ ಕೇಳಿದ್ದೀರೋ ಅವಳದ್ದು. ಅವಳು ಹುಟ್ಟಿದ್ದು ಆ ಕಬ್ಬಿಣದ ಕುರ್ಚಿಯಲ್ಲಿ, ಬೆಳಗಿನ ಜಾವ. ಡಾಕ್ಟರು ಹೊರಗೆ ಬಂದು "ರಾತ್ರಿ ಕಳೆಯಿತು, ಇನ್ನು ನೋಡೋಣ" ಎಂದಾಗ ಅಕ್ಕ ಫ್ಲಾಸ್ಕಿನ ಆರಿದ ಚಹಾವನ್ನು ಮುಚ್ಚಳಕ್ಕೆ ಬಗ್ಗಿಸಿ ನನಗೆ ಕೊಟ್ಟರು. ಆಮೇಲೆ ಬಸ್ ಹಿಡಿದು ಊರಿಗೆ ಹೋದರು, ಏಕೆಂದರೆ ಅಂದು ಬೀಡಿ ಒಪ್ಪಿಸುವ ದಿನ. ಬೀಡಿಗೆ ಲೆಕ್ಕದ ಮೇಲೆ ಕೂಲಿ. ಕೂತ ರಾತ್ರಿಗಳಿಗೆ ಅವರಿಗೆ ಯಾರೂ ಏನೂ ಕೊಡುವುದಿಲ್ಲ. ಆದರೂ ಮರುದಿನ ಸಂಜೆ ಮತ್ತೆ ಬಂದರು, ಬರುವಾಗ ನನಗೆ ಊಟ, ನೋಟ್‌ಬುಕ್ ಮತ್ತು ಪೆನ್ನು ತಂದಿದ್ದರು. ಓದಲು ಬಾರದ ಪುಸ್ತಕಕ್ಕಾಗಿ ಇಷ್ಟು ಮಾಡಿದವರು ಇನ್ನೊಬ್ಬರು ನನ್ನ ಬದುಕಿನಲ್ಲಿ ಇಲ್ಲ. ಪುಸ್ತಕ ಬಂದ ದಿನ ಮೊದಲ ಪ್ರತಿ ಅವರ ಕೈಗೆ ಕೊಟ್ಟೆ. ಎರಡನೆಯ ಭಾಗವನ್ನು ದಿನಾ ಸಂಜೆ ಅವರ ಜಗಲಿಯಲ್ಲಿ ಗಟ್ಟಿಯಾಗಿ ಓದುತ್ತಿದ್ದೇನೆ, ಇನ್ನೂ ಮುಗಿದಿಲ್ಲ. ನಡುವೆ ನಿಲ್ಲಿಸಿ ತಿದ್ದುತ್ತಾರೆ. ಎರಡನೆಯ ಮುದ್ರಣ ಆದರೆ ಆ ತಿದ್ದುಪಡಿ ಎಲ್ಲ ಸೇರುತ್ತದೆ.

ಬರೆಯಲು ಶುರು ಮಾಡಿದ ಗೆಳೆಯರು ಸಲಹೆ ಕೇಳುತ್ತಲೇ ಇದ್ದೀರಿ, ಇಷ್ಟು ದಿನ ಉತ್ತರಿಸಲು ಆಗಲಿಲ್ಲ. ಈಗ ನನಗೆ ಗಟ್ಟಿಯಾಗಿ ಗೊತ್ತಿರುವುದು ಇಷ್ಟೇ. ಬರೆದದ್ದನ್ನು ಪುಸ್ತಕ ಓದದ ಒಬ್ಬರಿಗೆ ಬಾಯಲ್ಲಿ ಹೇಳಿ. ಓದಿ ತೋರಿಸುವುದಲ್ಲ, ಕಾಗದ ಬದಿಗಿಟ್ಟು ಹೇಳಬೇಕು. ಎಲ್ಲಿ ನೀವೇ ತಡವರಿಸುತ್ತೀರೋ ಅಲ್ಲಿ ಕತೆ ಇನ್ನೂ ಬೆಂದಿಲ್ಲ. ಕೇಳುವವರು ನಡುವೆ ಕೇಳುವ ಪ್ರಶ್ನೆಯನ್ನು ಬರೆದಿಟ್ಟುಕೊಳ್ಳಿ. "ಚೆನ್ನಾಗಿದೆ" ಎಂದದ್ದನ್ನು ಬರೆದಿಟ್ಟುಕೊಳ್ಳಬೇಕಾಗಿಲ್ಲ. ಕೆಲಸ ಮಾಡುವ ಮನುಷ್ಯನ ಬಗ್ಗೆ ಬರೆಯುವಾಗ ಆ ಕೆಲಸದ ಕಸ ಎಲ್ಲಿಗೆ ಹೋಗುತ್ತದೆ, ಅದನ್ನು ಎತ್ತುವವರು ಯಾರು ಎಂದು ನೋಡಿ. ಅಲ್ಲಿ ಒಬ್ಬರು ಇದ್ದೇ ಇರುತ್ತಾರೆ, ಹೆಚ್ಚಿನ ಸಲ ಹೆಂಗಸು.

ಮತ್ತೆ, ನಮ್ಮ ಕಾಸರಗೋಡಿನ ಮಕ್ಕಳು ಕೇಳುವ ಪ್ರಶ್ನೆ: ಇಲ್ಲಿ ಕೂತು ಕನ್ನಡದಲ್ಲಿ ಬರೆದರೆ ಯಾರು ಓದುತ್ತಾರೆ, ಬೆಂಗಳೂರಿಗೆ ಹೋಗಬೇಕಲ್ವಾ ಅಂತ. ಹೋಗುವುದಾದರೆ ಹೋಗಿ, ಆದರೆ ಬರೆಯುವುದಕ್ಕಾಗಿ ಹೋಗಬೇಕಾಗಿಲ್ಲ. 1911ರಲ್ಲಿ ಆದಿಪ್ರಾಸ, ಅಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ಆಗಬೇಕೆಂಬ ಹಳೆಯ ಕಟ್ಟು, ಬಿಟ್ಟು ಬರೆದು ಕನ್ನಡ ಕಾವ್ಯಕ್ಕೆ ಹೊಸ ದಾರಿ ತೆರೆದ ಗೋವಿಂದ ಪೈಗಳು ಈ ನೆಲದವರು, ಮಂಜೇಶ್ವರದವರು. ಕಯ್ಯಾರ ಕಿಞ್ಞಣ್ಣ ರೈಗಳು 1915ರಲ್ಲಿ ಹುಟ್ಟಿ ನೂರು ತುಂಬುವವರೆಗೆ ಇಲ್ಲೇ ತೋಟ ಮಾಡಿಕೊಂಡು, ಪಾಠ ಹೇಳಿಕೊಂಡು ಬರೆದರು. 1956ರಲ್ಲಿ ನಾವು ಕೇರಳಕ್ಕೆ ಸೇರಿದ ಮೇಲೂ ಅವರ ಕನ್ನಡ ನಿಲ್ಲಲಿಲ್ಲ. ನಿಮ್ಮ ಮನೆಯ ಹವ್ಯಕವನ್ನೋ, ತುಳುವನ್ನೋ, ಮಲಯಾಳ ಬೆರೆತ ಕನ್ನಡವನ್ನೋ ಪಾತ್ರಗಳ ಬಾಯಿಂದ ಒರೆಸಿ ಹಾಕಬೇಡಿ. ಶಿವಮೊಗ್ಗದ, ಕಲಬುರಗಿಯ ಓದುಗರಿಗೆ ಎರಡು ಮಾತು ಗೊತ್ತಾಗದಿದ್ದರೆ ಮುಂದಿನ ಸಾಲಿನಲ್ಲಿ ಗೊತ್ತಾಗುತ್ತದೆ. ಅವರು ಬುದ್ಧಿವಂತರು, ನನಗೆ ಬಂದ ಕಾಗದಗಳೇ ಸಾಕ್ಷಿ.

ತಿಂಗಳ ಕಥೆ ಈ ತಿಂಗಳಿಂದ ಮತ್ತೆ ಶುರು. ಹೊಸದರ ಮೊದಲ ನಾಲ್ಕು ಸಾಲು ಇಲ್ಲೇ ಕೊಡುತ್ತೇನೆ, ಕಾದದ್ದಕ್ಕೆ:

"ಚೆರ್ಕಳದಲ್ಲಿ ಬಸ್ ಹತ್ತಿದ ಮುದುಕಿ ಟಿಕೆಟ್ ಕೇಳಿದ ಊರು ಕಂಡಕ್ಟರನ ಪಟ್ಟಿಯಲ್ಲಿ ಇರಲಿಲ್ಲ. ಅವನು ಮಲಯಾಳದಲ್ಲಿ ಮತ್ತೊಮ್ಮೆ ಕೇಳಿದ, ಅವಳು ತುಳುವಿನಲ್ಲಿ ಅದೇ ಹೆಸರು ಹೇಳಿದಳು. ಹಿಂದಿನ ಸೀಟಿನಿಂದ ಯಾರೋ, ಅಜ್ಜಿ, ಆ ಊರಿನ ಬೋರ್ಡು ಬದಲಾಗಿ ವರ್ಷಗಳಾದವು, ಎಂದರು. ಬೋರ್ಡಿನ ಹತ್ತಿರ ನನಗೇನು ಕೆಲಸ, ನನ್ನ ಮಗಳ ಮನೆಯ ಹತ್ತಿರ ಇಳಿಸಿ, ಎಂದಳು ಅವಳು."

ಉಳಿದದ್ದು ಎಂದಿನಂತೆ ತಿಂಗಳ ಕೊನೆಗೆ ಬರುತ್ತದೆ. ಮುಂಗಡ ದುಡ್ಡು ಕಳಿಸಿದವರ ಪ್ರತಿಗಳು ಪೋಸ್ಟ್‌ಗೆ ಹೋಗಿವೆ. ವಿಳಾಸ ಬದಲಾದವರು ತಿಳಿಸಿ. ನಿಮ್ಮ ಊರಿನಲ್ಲಿ ಸುರಂಗದ, ಬಾವಿಯ, ಕಲ್ಲುಕೋರೆಯ ಮಣ್ಣು ಹೊತ್ತ ಹೆಂಗಸರು ಯಾರಾದರೂ ಇದ್ದರೆ ಒಮ್ಮೆ ಅವರ ಹತ್ತಿರ ಕೂತು ಮಾತು ಕೇಳಿ, ಅವರು ಒಪ್ಪಿದರೆ ನನಗೂ ಬರೆದು ಕಳಿಸಿ. ಯಾವ ಕನ್ನಡದಲ್ಲಾದರೂ ಸರಿ, ತುಳುವಾದರೂ ಸರಿ. ಮಲಯಾಳದಲ್ಲಿ ಬರೆದರೆ ಅಕ್ಕನ ಮಗಳು ಓದಿ ಹೇಳುತ್ತೇನೆ ಎಂದಿದ್ದಾಳೆ.